ಮನೆ ಅಲ್ಲೇ, ಮಂದಿ ಅತ್ತಿತ್ತ: ಲಕ್ಷದ್ವೀಪದ ತಲೆಲೆಕ್ಕ

ಪ್ರಶ್ನೆ: ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಲಕ್ಷದ್ವೀಪದ ಜನಸಂಖ್ಯೆ 1981ರಿಂದ 1991ರವರೆಗೆ ಶೇ. 28ರಷ್ಟು ಬೆಳೆದಿತ್ತು, 2001ರಿಂದ 2011ರ ನಡುವೆ ಶೇ. 6.3ಕ್ಕೆ ಇಳಿಯಿತು ಎಂದು ಅವಳ ಪುಸ್ತಕದಲ್ಲಿದೆ. ಕಾರಣ ಕೊಟ್ಟಿಲ್ಲ. ಜನ ದ್ವೀಪ ಬಿಟ್ಟು ಹೋಗುತ್ತಿದ್ದಾರೆಯೇ? ಮೂಲತಃ ಅವರು ಎಲ್ಲಿಂದ ಬಂದವರು? ಸಮುದ್ರ ಏರಿದರೆ ಎಲ್ಲಿಗೆ ಹೋಗುತ್ತಾರೆ? ಇನ್ನೊಂದು ನನ್ನ ಸ್ವಂತ ಪ್ರಶ್ನೆ: ಬೆಂಗಳೂರಿನಿಂದ ನೇರ ವಿಮಾನವೂ ಬಂದಿದೆಯಲ್ಲ, ನಿವೃತ್ತಿಯಾದ ಮೇಲೆ ಅಲ್ಲೊಂದು ಪುಟ್ಟ ಮನೆ ಮಾಡಿಕೊಂಡು ಇರಬಹುದೇ?
— ಬಸವನಗುಡಿಯ ಓದುಗರೊಬ್ಬರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಸಾಧ್ಯವಿಲ್ಲ. 2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯಿತು, ನಿಜ. ಆದರೆ ಟಿಕೆಟ್ ಇದ್ದ ಮಾತ್ರಕ್ಕೆ ಅಲ್ಲಿಗೆ ಕಾಲಿಡುವಂತಿಲ್ಲ. ಹೊರಗಿನವರ ಪ್ರವೇಶಕ್ಕೂ ವಾಸಕ್ಕೂ ಪರವಾನಗಿ ಬೇಕೆಂಬ ನಿಯಮ 1967ರಿಂದ ಇದೆ. ದ್ವೀಪದ ಭೂಮಿ ಹೊರಗಿನವರ ಕೈಗೆ ಹೋಗದಂತೆ ತಡೆಯುವ ಭೂಕಂದಾಯ ಮತ್ತು ಗೇಣಿ ಕಾನೂನು ಅದಕ್ಕಿಂತ ಎರಡು ವರ್ಷ ಹಳೆಯದು. ನಿವೇಶನ ಕೊಳ್ಳುವ ಆಸೆಯನ್ನು ದೇವನಹಳ್ಳಿಯ ಕಡೆಗೇ ಇಟ್ಟುಕೊಳ್ಳಿ.

ಇದನ್ನು ತಮಾಷೆಗೆ ಹೇಳಿದರೂ ನಿಮ್ಮ ಉಳಿದ ಪ್ರಶ್ನೆಗಳ ಅರ್ಧ ಉತ್ತರ ಇದರಲ್ಲಿಯೇ ಇದೆ. ಬೆಂಗಳೂರಿನಲ್ಲಿ ಬದುಕುವ ನಮಗೆ ಜನಸಂಖ್ಯೆ ಎಂದ ತಕ್ಷಣ ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿಯುವವರು ಕಣ್ಣಿಗೆ ಬರುತ್ತಾರೆ. ಊರು ಬೆಳೆಯುವುದೆಂದರೆ ಹೊರಗಿನಿಂದ ಬರುವವರಿಂದ ಬೆಳೆಯುವುದು ಎಂದೇ ನಮ್ಮ ಅನುಭವ. ಲಕ್ಷದ್ವೀಪದಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಅಲ್ಲಿ ನೆಲೆಗೊಳ್ಳುವ ಹಾದಿ ಬಹುಮಟ್ಟಿಗೆ ಹೆರಿಗೆಯ ಕೋಣೆಯೊಂದೇ. ಆ ಕೋಣೆಯೂ ಎಷ್ಟೋ ಸಲ ದ್ವೀಪದಲ್ಲಿ ಇರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆ. 36 ದ್ವೀಪಗಳು ಎನ್ನುವುದು ಪಠ್ಯಪುಸ್ತಕದ ಲೆಕ್ಕ. ಅವುಗಳಲ್ಲಿ ಪರಳಿ ಎಂಬ ಹೆಸರಿನ ನಿರ್ಜನ ತುಣುಕುಗಳಲ್ಲಿ ಒಂದು ಈಗಾಗಲೇ ಸವೆದು ನೀರಿನೊಳಗೆ ಹೋಗಿದೆ. ಒಟ್ಟು ನೆಲ 32 ಚದರ ಕಿಲೋಮೀಟರ್. ಜನರು ನೆಲೆಸಿರುವುದು ಹತ್ತು ದ್ವೀಪಗಳಲ್ಲಿ, 2011ರ ಗಣತಿಯಂತೆ 64,473 ಮಂದಿ. ಹಿಂದಿನ ಬಿಬಿಎಂಪಿಯ 198 ವಾರ್ಡ್‌ಗಳಿಗೆ ಸರಾಸರಿ 42 ಸಾವಿರ ಜನರಿದ್ದರು. ಇಡೀ ಕೇಂದ್ರಾಡಳಿತ ಪ್ರದೇಶ ನಮ್ಮ ಒಂದೂವರೆ ವಾರ್ಡ್‌ಗೆ ಸಮ. ಆದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನ. ಕರ್ನಾಟಕದ್ದು 319, ಬೆಂಗಳೂರು ನಗರ ಜಿಲ್ಲೆಯದು ಸುಮಾರು 4,380. ಬಹುಮಹಡಿ ಕಟ್ಟಡಗಳ ಸಾಲಿಲ್ಲದೆ, ತೆಂಗಿನ ತೋಟದ ನಡುವೆಯೇ ಅಷ್ಟು ಸಾಂದ್ರತೆ. ಜನರಿರುವವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಬಿತ್ರಾ ದ್ವೀಪ ಸುಮಾರು ಹತ್ತು ಹೆಕ್ಟೇರ್. ನಿಮ್ಮ ಮನೆಯ ಪಕ್ಕದ ಲಾಲ್‌ಬಾಗನ್ನು ಹತ್ತು ಪಾಲು ಮಾಡಿ ಒಂದು ಪಾಲನ್ನು ಸಮುದ್ರದಲ್ಲಿ ಇಟ್ಟರೆ ಬಿತ್ರಾ. ಅದರಲ್ಲಿ 271 ಜನ.

ಕನ್ನಡಿಗರಿಗೆ ಈ ದ್ವೀಪಗಳು ಕೇರಳದ ಹಿತ್ತಲು ಎಂಬ ಭಾವನೆ ಇದೆ. ಹಾಗೆ ಭಾವಿಸುವುದು ಅರ್ಧ ಸರಿ, ಅರ್ಧ ಮರೆವು. ಉತ್ತರದ ಐದು ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾಗಳಿಗೆ ಒಟ್ಟಾಗಿ ಅಮಿನ್‌ದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಲ್ಲಿನವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಬಳಿ ಮೊರೆಯಿಟ್ಟರು. ಈ ಐದು ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವನ್ನು ಮಂಗಳೂರಿನಿಂದಲೇ ಆಳಿದರು. ಮುಂದೆ ಒಂದೂವರೆ ಶತಮಾನ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಉಳಿದವು, ಅಂದರೆ ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿ ಮತ್ತು ಮಿನಿಕಾಯ್, ಅರಕ್ಕಲ್ ಮನೆತನದ ಕೈಯಲ್ಲಿದ್ದು, ಆಮೇಲೆ ಮಲಬಾರ್ ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಅದರ ಐದು ದ್ವೀಪಗಳು ಜಿಲ್ಲೆಯನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ನಾವು ಪ್ರತಿವರ್ಷ ರಾಜ್ಯೋತ್ಸವ ಆಚರಿಸುವ ದಿನವೇ ಅವರ ಪ್ರದೇಶ ಹುಟ್ಟಿದ ದಿನ ಎನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಆಡಳಿತದ ಈ ಗೆರೆಗಿಂತ ಗಟ್ಟಿಯಾದದ್ದು ಹಗ್ಗದ ನಂಟು. ದ್ವೀಪದಲ್ಲಿ ತೆಂಗು ಬಿಟ್ಟರೆ ಹೇಳಿಕೊಳ್ಳುವಂಥ ಬೆಳೆ ಇಲ್ಲ. ಅಕ್ಕಿ ಒಂದು ಕಾಳೂ ಬೆಳೆಯುವುದಿಲ್ಲ. ತೆಂಗಿನ ಸಿಪ್ಪೆಯನ್ನು ನೆನೆಹಾಕಿ, ಬಡಿದು, ನಾರನ್ನು ಹೊಸೆದು ಹುರಿ ಮಾಡುವುದು ಹೆಂಗಸರ ಕೆಲಸ. ಆ ಹುರಿಯನ್ನು ಹಾಯಿ ಹಡಗಿನಲ್ಲಿ ಮಂಗಳೂರಿನ ಬಂದರಕ್ಕೆ ತಂದು ಅಕ್ಕಿ ಒಯ್ಯುವುದು ಗಂಡಸರ ಕೆಲಸ. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು; ಇಷ್ಟು ಹುರಿಗೆ ಇಷ್ಟು ಅಕ್ಕಿ ಎಂದು ದರ ಕಟ್ಟಿರುತ್ತಿದ್ದರು. ಮಳೆಗಾಲ ಶುರುವಾದರೆ ಸಂಚಾರ ಬಂದ್. ಅಷ್ಟರೊಳಗೆ ಅಕ್ಕಿ ಮನೆ ಸೇರಿರಬೇಕು. ಹೀಗೆ ವರ್ಷದಲ್ಲಿ ಕೆಲವು ತಿಂಗಳು ಗಂಡಸರು ಸಮುದ್ರದಲ್ಲಿ ಅಥವಾ ಬಂದರದಲ್ಲಿ, ಉಳಿದ ತಿಂಗಳು ಮನೆಯಲ್ಲಿ. ಇದಕ್ಕೆ ವಲಸೆ ಎನ್ನಬೇಕೋ ಬೇಡವೋ ಎಂದು ನಾವು ಜನಸಂಖ್ಯಾಶಾಸ್ತ್ರದವರು ತಲೆ ಕೆಡಿಸಿಕೊಳ್ಳುತ್ತೇವೆ. ದ್ವೀಪದವರಿಗೆ ಅದು ಪೇಟೆಗೆ ಹೋಗಿಬರುವುದು. ಪೇಟೆ ಕೊಂಚ ದೂರ, ಅಷ್ಟೇ.

ಈಗ ಮೂಲದ ಪ್ರಶ್ನೆ. ಮಲಬಾರ್ ತೀರದಿಂದ ಬಂದವರು ಎನ್ನುವುದಕ್ಕೆ ಭಾಷೆಯೇ ಸಾಕ್ಷಿ. ಅವರಾಡುವ ಜೆಸರಿ ಹಳೆಯ ಮಲಯಾಳದ ಒಂದು ಕವಲು. ಜನರಲ್ಲಿ ಶೇ. 96ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರಾದರೂ ಕೋಯ, ಮಾಲ್ಮಿ, ಮೇಲಾಚ್ಚೇರಿ ಎಂಬ ಮೇಲುಕೀಳಿನ ಗುಂಪುಗಳು ಉಳಿದುಬಂದಿವೆ. ಕೋಯರು ಭೂಮಿ ಮತ್ತು ಹಡಗಿನ ಒಡೆಯರು, ಮಾಲ್ಮಿಗಳು ಹಡಗು ನಡೆಸುವವರು, ಮೇಲಾಚ್ಚೇರಿಗಳು ಮರ ಹತ್ತುವವರು. ಕರಾವಳಿಯ ಜಾತಿವ್ಯವಸ್ಥೆಯೂ ಅದೇ ಹಡಗು ಹತ್ತಿ ಬಂದಿತ್ತು ಎಂದು ನಾನು ತಿಳಿಯುತ್ತೇನೆ. ಅಮಿನಿ, ಕವರತ್ತಿ, ಆಂದ್ರೋತ್ ಮತ್ತು ಕಲ್ಪೇನಿ ಮೊದಲು ನೆಲೆಯಾದವು, ಉಳಿದವು ಅಲ್ಲಿಂದ ಚದುರಿದವರಿಂದ ತುಂಬಿದವು ಎನ್ನುವುದು ದ್ವೀಪದವರೇ ಹೇಳಿಕೊಂಡು ಬಂದ ಕ್ರಮ. ಬಿತ್ರಾ ಬಹುಕಾಲ ಚೆತ್ಲತ್‌ನವರು ಹಕ್ಕಿ ಹಿಡಿಯಲು ಹೋಗುವ ಜಾಗವಾಗಿತ್ತು. ಅಲ್ಲಿ ಒಲೆ ಹೊತ್ತಿದ್ದು ಕಳೆದ ಶತಮಾನದ ನಡುಭಾಗದಲ್ಲಿ.

ಮಿನಿಕಾಯ್ ಮಾತ್ರ ಬೇರೆಯೇ. ಉಳಿದ ದ್ವೀಪಗಳಿಗಿಂತ ಮಾಲ್ದೀವ್ಸ್‌ನ ಉತ್ತರದ ತುದಿಯೇ ಅದಕ್ಕೆ ಹತ್ತಿರ. ಭಾಷೆ ಮಹಲ್, ಅಂದರೆ ಮಾಲ್ದೀವ್ಸ್‌ನ ದಿವೆಹಿಯ ಒಂದು ರೂಪ. ಲಿಪಿ ಬಲದಿಂದ ಎಡಕ್ಕೆ ಬರೆಯುವ ತಾನ. ದ್ವೀಪದವರು ತಮ್ಮ ನೆಲವನ್ನು ಮಲಿಕು ಎನ್ನುತ್ತಾರೆ. ಅಲ್ಲಿನ ಗಂಡಸರು ತಲೆಮಾರುಗಳಿಂದ ವ್ಯಾಪಾರಿ ಹಡಗುಗಳ ನಾವಿಕರು. 10,447 ಜನರ ಊರು ಜಗತ್ತಿನ ಬಂದರುಗಳನ್ನೆಲ್ಲ ಕಂಡಿದೆ.

ಇಷ್ಟು ಹೇಳಿದ ಮೇಲೆ ನನಗೆ ಅತ್ಯಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಭಾರತದಲ್ಲಿ ವಲಸಿಗರು ಯಾರು ಎಂದು ಕೇಳಿದರೆ ಕಟ್ಟಡದ ಕೂಲಿ, ಸಾಫ್ಟ್‌ವೇರ್ ನೌಕರ ಎಂದು ಹೇಳುತ್ತೇವೆ. ಗಣತಿಯ ಪುಸ್ತಕ ತೆರೆದರೆ ಉತ್ತರ ಬೇರೆ: ಮದುಮಗಳು. 2011ರಲ್ಲಿ ಎಣಿಸಿದ ಸುಮಾರು 45 ಕೋಟಿ ವಲಸಿಗರಲ್ಲಿ ಅರ್ಧದ ಹತ್ತಿರ ಹತ್ತಿರ ಮಂದಿ ಮದುವೆಯ ಕಾರಣಕ್ಕೆ ಊರು ಬದಲಿಸಿದವರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಲಕ್ಷದ್ವೀಪದಲ್ಲಿ ಮದುಮಗಳು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿನದು ತಾಯಿಯ ಕಡೆಯ ಸಂತಾನ ಪದ್ಧತಿ. ಹುಡುಗಿ ತನ್ನ ತರವಾಡಿನಲ್ಲಿಯೇ, ಅಂದರೆ ತಾಯಿಯ ಕಡೆಯ ಕೂಡುಮನೆಯಲ್ಲಿಯೇ, ಇರುತ್ತಾಳೆ. ಹಳೆಯ ಕ್ರಮದಲ್ಲಿ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಗಾದರೆ ತನ್ನ ತಾಯಿಯ ಮನೆಗೆ ದುಡಿಯಲು ಹೋಗುತ್ತಿದ್ದ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಇಸ್ಲಾಂ ಧರ್ಮದ ಉತ್ತರಾಧಿಕಾರ ನಿಯಮದ ಜೊತೆಗೆ ಇದನ್ನು ಇವರು ಹೊಂದಿಸಿಕೊಂಡ ಬಗೆ ಸೊಗಸಾಗಿದೆ. ಆಸ್ತಿಗೆ ಅವರು ವಾರದ ಹೆಸರಿಟ್ಟಿದ್ದಾರೆ. ತರವಾಡಿನ ಪಿತ್ರಾರ್ಜಿತ (ಇಲ್ಲಿ ಮಾತ್ರಾರ್ಜಿತ ಎನ್ನಬೇಕು) ವೆಳ್ಳಿಯಾಳ್ಚ, ಅಂದರೆ ಶುಕ್ರವಾರದ ಸ್ವತ್ತು. ಅದು ಹೆಣ್ಣಿನ ಸಂತಾನದಲ್ಲಿಯೇ ಇಳಿಯುತ್ತದೆ. ಸ್ವಂತ ದುಡಿಮೆಯದು ತಿಂಗಳಾಳ್ಚ, ಸೋಮವಾರದ ಸ್ವತ್ತು. ಅದು ಧರ್ಮದ ನಿಯಮದಂತೆ ಮಕ್ಕಳಿಗೆ ಹಂಚಿಕೆಯಾಗುತ್ತದೆ. ಕೋರ್ಟಿನ ದಾಖಲೆಗಳಲ್ಲಿಯೂ ಶುಕ್ರವಾರ, ಸೋಮವಾರಗಳು ಕಾಣಿಸಿಕೊಳ್ಳುತ್ತವೆ.

ಜನಲೆಕ್ಕಕ್ಕೆ ಇದರಿಂದ ಏನಾಯಿತು? ಮನೆ ಹೆಣ್ಣಿನ ಜೊತೆ ಕಟ್ಟಿಕೊಂಡಿತು, ಗಂಡು ಸಡಿಲವಾಗಿ ಉಳಿದ. ಅವನು ಮಂಗಳೂರಿಗೆ ಹೋಗಲಿ, ಕೋಲ್ಕತ್ತದಲ್ಲಿ ಹಡಗು ಹತ್ತಲಿ, ಮನೆ ಮುರಿಯುವುದಿಲ್ಲ, ಹೊಲ ಪಾಳು ಬೀಳುವುದಿಲ್ಲ. ದೂರ ಹೋದವನು ತಿರುಗಿ ಬರುವುದಕ್ಕೆ ಅಲ್ಲಿ ಯಾವಾಗಲೂ ಒಂದು ಒಲೆ ಉರಿಯುತ್ತಿರುತ್ತದೆ. 1951ರ ಗಣತಿಯಲ್ಲಿ ಸಾವಿರ ಗಂಡಸರಿಗೆ 1,043 ಹೆಂಗಸರು ಸಿಕ್ಕಿದ್ದರಲ್ಲಿ ಈ ಸಮುದ್ರದ ದುಡಿಮೆಗೂ ಪಾಲಿದೆ ಎಂದು ನಾನು ಓದಿಕೊಳ್ಳುತ್ತೇನೆ. 2011ರಲ್ಲಿ ಅದು 946. ಹೆಂಗಸರು ಎಲ್ಲಿಗೂ ಮಾಯವಾಗಲಿಲ್ಲ. ನಡುವೆ ಸರಕಾರಿ ಕಚೇರಿಗಳು ಬಂದವು, ಅವುಗಳ ಜೊತೆ ಕೇರಳದಿಂದ ನೌಕರರು, ಕಟ್ಟಡದ ಕೆಲಸಗಾರರು ಬಂದರು. ಪರವಾನಗಿಯ ಕಿರಿದಾದ ಕಿಂಡಿಯಿಂದ ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಅವರು ಅವಧಿ ಮುಗಿದ ಮೇಲೆ ಹೋಗುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ.

ಹೆರಿಗೆಯ ವಿಷಯಕ್ಕೆ ಬರುತ್ತೇನೆಂದಿದ್ದೆ. ಅಲ್ಲಿನ ನಿವಾಸಿಗಳಲ್ಲಿ ಶೇ. 94.8ರಷ್ಟು ಮಂದಿ ಪರಿಶಿಷ್ಟ ಪಂಗಡದವರು. ಇಲ್ಲಿ ಪಂಗಡ ಎಂದರೆ ಒಂದು ಬುಡಕಟ್ಟಿನ ಹೆಸರಲ್ಲ. ತಾನೂ, ತನ್ನ ತಂದೆತಾಯಿ ಇಬ್ಬರೂ ದ್ವೀಪದಲ್ಲಿ ಹುಟ್ಟಿದವರಾಗಿರಬೇಕು ಎನ್ನುವುದೇ ಅದರ ವ್ಯಾಖ್ಯೆ. ಇಡೀ ದೇಶದಲ್ಲಿ ಹುಟ್ಟಿದ ಜಾಗವೇ ಜಾತಿಯಾದ ಇಂಥ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ. ಈಗ ತೊಂದರೆ ನೋಡಿ. ಹೆರಿಗೆ ಕಷ್ಟವಾದರೆ ಬಸುರಿಯನ್ನು ಹಡಗಿನಲ್ಲೋ ಹೆಲಿಕಾಪ್ಟರಿನಲ್ಲೋ ಕೊಚ್ಚಿಗೆ ಸಾಗಿಸುತ್ತಾರೆ. ಮಗು ಎರ್ನಾಕುಲಂನಲ್ಲಿ ಹುಟ್ಟುತ್ತದೆ. ಅಪ್ಪ ಅಮ್ಮ ಇಬ್ಬರೂ ಪಂಗಡದವರು, ಮಗು ಅಲ್ಲ! ಆಸ್ಪತ್ರೆ ಇಲ್ಲದ್ದಕ್ಕೆ ಮಗುವಿಗೆ ದಂಡ. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಸಂಸತ್ತು ಇದನ್ನು ತಿದ್ದಿ, ಹೊರಗೆ ಹುಟ್ಟಿದ ದ್ವೀಪದವರ ಮಕ್ಕಳು ದ್ವೀಪದಲ್ಲಿಯೇ ಕಾಯಂ ನೆಲೆಸಿದರೆ ಅಲ್ಲಿಯೇ ಹುಟ್ಟಿದಂತೆ ಎಂದು ಸೇರಿಸಿತು.

ಆದರೆ ಗಣತಿಯ ನಮೂನೆಗೆ ಇಂಥ ಕರುಣೆ ಇಲ್ಲ. ಹುಟ್ಟಿದ ಊರು ಬೇರೆ, ಎಣಿಸಿದ ಊರು ಬೇರೆಯಾದರೆ ಜನ್ಮಸ್ಥಳದ ಲೆಕ್ಕದಲ್ಲಿ ನೀವು ವಲಸಿಗರು. ಆ ಮಗು ತಾಯಿಯ ತೋಳಿನಲ್ಲಿ ಹದಿನೈದು ದಿನದ ಬಳಿಕ ಅಮಿನಿಗೆ ಮರಳಿದರೂ ಕೇರಳದಿಂದ ಬಂದ ವಲಸಿಗ. ನಗಬೇಡಿ, ನಮ್ಮಲ್ಲಿಯೂ ಇದೇ ಕತೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಸಂಪ್ರದಾಯದಿಂದ ಬೆಂಗಳೂರಿನ ಎಷ್ಟೋ ಮಕ್ಕಳ ಜನ್ಮಸ್ಥಳ ಹಾಸನ, ತುಮಕೂರು, ದಾವಣಗೆರೆ. ಇಂಥವರು ತುಂಬಾ ಆದದ್ದರಿಂದಲೇ ಗಣತಿಯವರು ವಲಸೆಯ ಕಾರಣಗಳ ಪಟ್ಟಿಯಲ್ಲಿ ‘ಹುಟ್ಟಿದ ನಂತರ ಸ್ಥಳಾಂತರ’ ಎಂಬ ಪ್ರತ್ಯೇಕ ಸಾಲನ್ನೇ ಹಾಕಿದರು. ನಿಮ್ಮ ಮಗಳಿಗೆ ಹೇಳಿ: ವಲಸೆಯ ಕೋಷ್ಟಕದಲ್ಲಿ ಮೊದಲು ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಸಂಖ್ಯೆಯ ತಲೆಯ ಮೇಲೆ ಬರೆದ ಪ್ರಶ್ನೆಯನ್ನು.

ಇಂಥದೇ ಇನ್ನೊಂದು ಮಾಯೆ ನಗರೀಕರಣದ್ದು. 2001ರಲ್ಲಿ ಲಕ್ಷದ್ವೀಪದ ಶೇ. 44ರಷ್ಟು ಜನ ನಗರವಾಸಿಗಳು, 2011ರಲ್ಲಿ ಶೇ. 78. ಓದಿದವರು ಹಳ್ಳಿ ಬಿಟ್ಟು ಪಟ್ಟಣಕ್ಕೆ ನುಗ್ಗಿದರೆಂದು ಭಾವಿಸುತ್ತಾರೆ. ಯಾರೂ ಚಾಪೆ ಕೂಡ ಮಡಚಲಿಲ್ಲ. ಐದು ಸಾವಿರ ಜನ, ಇಷ್ಟು ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದಿಂದ ಹೊರಗೆ ಎಂಬ ಮೂರು ಅಳತೆಗಳನ್ನು ಮುಟ್ಟಿದ ದ್ವೀಪಗಳಿಗೆ ಪಟ್ಟಣ ಎಂಬ ಚೀಟಿ ಅಂಟಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಆ ಶೇ. 28 ಮತ್ತು ಶೇ. 6.3. 1901ರಲ್ಲಿ ಅಲ್ಲಿದ್ದವರು 13,882. ಐವತ್ತು ವರ್ಷ ನಿಧಾನವಾಗಿ ಏರಿ 1951ಕ್ಕೆ 21,035. ನಡುವೆ 1911ರಿಂದ 1921ರಲ್ಲಿ ದೇಶದಂತೆ ದ್ವೀಪವೂ ಒಂಬೈನೂರು ಚಿಲ್ಲರೆ ಕುಸಿಯಿತು. ಏರಿಕೆ ಶುರುವಾದದ್ದು ಕೇಂದ್ರಾಡಳಿತ ಬಂದ ಮೇಲೆ. ಆಸ್ಪತ್ರೆ, ಲಸಿಕೆ, ವರ್ಷವಿಡೀ ಅಕ್ಕಿ, ಯಂತ್ರದ ಹಡಗು. 1964ರಲ್ಲಿ ಆಡಳಿತ ಕೇಂದ್ರವೂ ಕೋಳಿಕ್ಕೋಡಿನಿಂದ ಕವರತ್ತಿಗೆ ಬಂತು. ಸಾವು ಇಳಿಯಿತು, ಹೆರಿಗೆ ಇಳಿಯಲಿಲ್ಲ. 1961ರಲ್ಲಿ 24,108, 1971ರಲ್ಲಿ 31,810, 1981ರಲ್ಲಿ 40,249, 1991ರಲ್ಲಿ 51,707. ಆಮೇಲೆ ಹೆರಿಗೆಯೂ ಇಳಿಯಿತು, ಅದೂ ಧಡಾರನೆ. 2001ರಲ್ಲಿ 60,650, 2011ರಲ್ಲಿ ನಿಮಗೆ ಗೊತ್ತಿರುವ 64,473. ಸಾಕ್ಷರತೆ ಅಷ್ಟರಲ್ಲಿ ಶೇ. 91 ದಾಟಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಲ್ಲಿನ ಒಬ್ಬ ಹೆಣ್ಣಿಗೆ ಸರಾಸರಿ 1.4 ಮಕ್ಕಳು. ಕರ್ನಾಟಕದಲ್ಲಿ 1.7. ಅಪ್ಪ ಅಮ್ಮ ಇಬ್ಬರ ಜಾಗ ತುಂಬಲು 2.1 ಬೇಕು.

2021ರಲ್ಲಿ ದ್ವೀಪದ ಆಡಳಿತ ಒಂದು ಪಂಚಾಯತ್ ನಿಯಮಾವಳಿಯ ಕರಡು ಹೊರಡಿಸಿತು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಅದರಲ್ಲಿತ್ತು. ಒಂದೂವರೆ ಮಗುವೂ ಇಲ್ಲದ ಊರಿಗೆ ಎರಡು ಮಕ್ಕಳ ನಿರ್ಬಂಧ! ಕರಡು ಬರೆದವರ ಮೇಜಿನ ಮೇಲೆ ಸಮೀಕ್ಷೆಯ ಪ್ರತಿ ಇರಲಿಲ್ಲವೆಂದು ಕಾಣುತ್ತದೆ.

ಹಾಗಾದರೆ ಯಾರೂ ಬಿಟ್ಟು ಹೋಗುತ್ತಿಲ್ಲವೇ? ಹೋಗುತ್ತಿದ್ದಾರೆ. ಬೆಳವಣಿಗೆ ಕುಗ್ಗಿದ್ದಕ್ಕೆ ದೊಡ್ಡ ಪಾಲು ಹೆರಿಗೆಯದು, ಚಿಕ್ಕ ಪಾಲು ಹೊರಟವರದು ಎನ್ನುವುದು ನನ್ನ ಓದು. ಹತ್ತಿಪ್ಪತ್ತು ವರ್ಷದ ಮಕ್ಕಳು ಓದಿಗೆಂದು ಕೇರಳಕ್ಕೆ ಹೋಗುತ್ತಾರೆ, ಅವರ ಜೊತೆ ನೋಡಿಕೊಳ್ಳಲು ಅಮ್ಮನೋ ಚಿಕ್ಕಮ್ಮನೋ ಹೋಗಿ ಕೊಚ್ಚಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಓದು ಮುಗಿದ ಮೇಲೆ ದ್ವೀಪದಲ್ಲಿ ಸಿಗುವ ಕೆಲಸ ಹೆಚ್ಚಾಗಿ ಸರಕಾರದ್ದು, ಅದು ಎಲ್ಲರಿಗೂ ಸಾಲುವುದಿಲ್ಲ. ಇದರಲ್ಲಿ ನಾನು ಹೊಸದಾಗಿ ಕಾಣುವುದು ಒಂದೇ: ಹಿಂದೆ ಗಂಡಸರು ಹೋಗುತ್ತಿದ್ದರು, ಒಲೆ ಉಳಿಯುತ್ತಿತ್ತು. ಈಗ ಒಲೆಯೂ ಕೊಂಚ ಅಲ್ಲಾಡುತ್ತಿದೆ.

ಮಾಲ್ದೀವ್ಸ್‌ನ ಚಿತ್ರ ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. 2022ರ ಗಣತಿಯಲ್ಲಿ ಅಲ್ಲಿ 5,15,132 ಜನ. ಅವರಲ್ಲಿ ನಾಲ್ಕನೇ ಒಂದು ಭಾಗ ವಿದೇಶಿ ದುಡಿಮೆಗಾರರು, ಬಾಂಗ್ಲಾದೇಶದವರು ಮುಂಚೂಣಿಯಲ್ಲಿ. ಇನ್ನೂರರಷ್ಟು ದ್ವೀಪಗಳಲ್ಲಿ ಜನ ಹರಡಿದ್ದರೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ರಾಜಧಾನಿ ಮಾಲೆಯ ಸುತ್ತಲೇ ಕಿಕ್ಕಿರಿದಿದ್ದಾರೆ. ಶಾಲೆ, ಆಸ್ಪತ್ರೆ, ಕೆಲಸ ಎಲ್ಲವೂ ಅಲ್ಲಿ. ಜಾಗ ಸಾಲದೆ ಸಮುದ್ರಕ್ಕೆ ಮರಳು ತುಂಬಿ ಹುಲುಮಾಲೆ ಎಂಬ ದ್ವೀಪವನ್ನೇ ಕಟ್ಟಿದರು. ಲಕ್ಷದ್ವೀಪದಲ್ಲಿ ಕವರತ್ತಿ ರಾಜಧಾನಿಯಾದರೂ ಹಾಗೆ ಉಬ್ಬಲಿಲ್ಲ: 11,221 ಜನ, ಆಂದ್ರೋತ್‌ಗಿಂತ ಮೂವತ್ತು ಮಂದಿ ಮಾತ್ರ ಹೆಚ್ಚು. ಲಕ್ಷದ್ವೀಪಕ್ಕೂ ಒಂದು ಮಾಲೆ ಇದೆ, ಆದರೆ ಅದು ಬೇರೆ ರಾಜ್ಯದ ನೆಲದಲ್ಲಿದೆ. ಹೆಸರು ಕೊಚ್ಚಿ.

ಅಂಡಮಾನ್ ಬಗ್ಗೆ ನೀವು ಕೇಳಿಲ್ಲ, ಆದರೆ ಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಕೇಳುತ್ತಾರೆ, ಮಕ್ಕಳು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಇವೆರಡಕ್ಕೆ ಹೋಲಿಕೆಯೇ ಇಲ್ಲ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ 1901ರಲ್ಲಿ 24,649 ಜನ, 2011ರಲ್ಲಿ 3,80,581. ಹದಿನೈದು ಪಟ್ಟು. ಅದೇ ಅವಧಿಯಲ್ಲಿ ಲಕ್ಷದ್ವೀಪ ಬೆಳೆದದ್ದು ನಾಲ್ಕೂವರೆ ಪಟ್ಟು, ಹೆಚ್ಚುಕಡಿಮೆ ದೇಶದ ವೇಗ. 1858ರಲ್ಲಿ ಬಂದೀಖಾನೆಯಾಗಿ ಶುರುವಾದ ಅಂಡಮಾನ್‌ನಲ್ಲಿ 1901ರ ಲಿಂಗಾನುಪಾತ ಸಾವಿರ ಗಂಡಸರಿಗೆ 318 ಹೆಂಗಸರು; ಅದು ಸಮಾಜದ ಲೆಕ್ಕವಲ್ಲ, ಜೈಲಿನ ಹಾಜರಿ ಪುಸ್ತಕ. ಆಮೇಲೆ 1921ರ ಮಲಬಾರ್ ದಂಗೆಯ ಮಾಪಿಳ್ಳೆ ಮುಸ್ಲಿಂ ಕೈದಿಗಳು, ಬರ್ಮಾದಿಂದ ಕರೆತಂದ ಕರೆನ್ ಜನ, ರಾಂಚಿ ಕಡೆಯ ಕೂಲಿಗಳು, 1949ರಿಂದ ಪೂರ್ವ ಬಂಗಾಳದ ನಿರಾಶ್ರಿತರು. 1951ರಿಂದ 1961ರೊಳಗೆ ಜನಸಂಖ್ಯೆ ದುಪ್ಪಟ್ಟಾಯಿತು. ಆ ಕೋಷ್ಟಕದಲ್ಲಿ ಎಲ್ಲಿ ಗೆರೆ ಏರಿದೆಯೋ ಅಲ್ಲೆಲ್ಲ ಒಂದು ಸರಕಾರಿ ಆದೇಶ, ಅದರ ಹಿಂದೆ ಒಂದು ಹಡಗು ಇದೆ. ಹೀಗೆ ಹೊರಗಿನವರು ಏರಿದ ಕಾಲದಲ್ಲಿಯೇ ಕೆಲವು ಸಾವಿರವಿದ್ದ ಗ್ರೇಟ್ ಅಂಡಮಾನೀಯರು ರೋಗಗಳಿಗೆ ತುತ್ತಾಗಿ 1961ರ ಹೊತ್ತಿಗೆ ಇಪ್ಪತ್ತರೊಳಗೆ ಬಂದರು. ಅಲ್ಲಿಯೂ 2001–11ರ ಬೆಳವಣಿಗೆ ಶೇ. 6.9ರಷ್ಟೇ, ಆದರೆ ಕಾರಣಗಳಲ್ಲಿ 2004ರ ಸುನಾಮಿಯೂ ಸೇರಿದೆ. ನಿಕೋಬಾರ್ ಜಿಲ್ಲೆಯೊಂದರಲ್ಲೇ 42,068 ಇದ್ದವರು 36,842ಕ್ಕೆ ಇಳಿದರು. ಎರಡು ದ್ವೀಪಮಾಲೆ, ಹತ್ತಿರದ ಎರಡು ಶೇಕಡಾವಾರು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕತೆ. ಪರೀಕ್ಷೆಯಲ್ಲಿ ಈ ಬಲೆಗೆ ಬೀಳಬಾರದು.

ಸಮುದ್ರ ಏರಿದರೆ ಎಂದು ಕೇಳಿದ್ದೀರಿ. ಹವಳದ ದ್ವೀಪಗಳ ನೆಲ ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರ, ಹಾಗಾಗಿ ಭಯ ಸುಳ್ಳಲ್ಲ. ಆದರೆ ಮುಳುಗುವುದಕ್ಕೆ ಬಹಳ ಮೊದಲು ಕಾಡುವುದು ಕುಡಿಯುವ ನೀರು. ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಮಸೂರದಂತೆ ತೇಲುತ್ತದೆ. ಬಾವಿಯಲ್ಲಿ ಕೊಡದಿಂದ ಸೇದುತ್ತಿದ್ದಷ್ಟು ದಿನ ಅದು ಉಳಿಯಿತು. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ಆಳದ ತಣ್ಣೀರಿನ ನೆರವಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಸ್ಥಾವರ ಬಂತು. ತಲೆಗೆ ಒಂಬತ್ತು ಲೀಟರಿನಷ್ಟು. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರಿಸಿಕೊಂಡು ಕಾರು ತೊಳೆಯುವ ನಾವು ಆ ಒಂಬತ್ತು ಲೀಟರನ್ನು ಒಮ್ಮೆ ಬಕೆಟ್ಟಿನಲ್ಲಿ ಅಳೆದು ನೋಡಬಹುದು.

ಇಡೀ ಊರನ್ನೇ ಎಬ್ಬಿಸಿ ಬೇರೆಡೆ ಕೂರಿಸಿದ ಉದಾಹರಣೆ ಮಾಲ್ದೀವ್ಸ್‌ನಲ್ಲಿದೆ. ಸುನಾಮಿಯಲ್ಲಿ ಹಾಳಾದ ಕಂದೊಳುದೂ ದ್ವೀಪದವರಿಗೆ ಖಾಲಿಯಿದ್ದ ದುವಾಫರು ದ್ವೀಪದಲ್ಲಿ ಮನೆ ಕಟ್ಟಿಕೊಟ್ಟರು. ಅವರು ಅಲ್ಲಿಗೆ ಹೋಗಲು ನಾಲ್ಕು ವರ್ಷ ಹಿಡಿಯಿತು. ಲಕ್ಷದ್ವೀಪದಲ್ಲಿ ಹಾಗೆ ಜನರನ್ನು ಹೊರುವಷ್ಟು ದೊಡ್ಡ ಖಾಲಿ ದ್ವೀಪ ಉಳಿದಿಲ್ಲ. ಅಲ್ಲಿ ಸದ್ಯ ಎದ್ದಿರುವ ಪ್ರಶ್ನೆಯೂ ಸಮುದ್ರದ್ದಲ್ಲ. 2025ರ ಜುಲೈಯಲ್ಲಿ ಬಿತ್ರಾದ ಇಡೀ ನೆಲವನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾಪ ಬಂದು, ಅದರ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆಡಳಿತ ಅಧಿಸೂಚನೆ ಹೊರಡಿಸಿತು. ನಿವಾಸಿಗಳು ವಿರೋಧಿಸಿದರು. ಲಾಲ್‌ಬಾಗಿನ ಹತ್ತನೇ ಒಂದು ಪಾಲು ಜಾಗ ದೇಶಕ್ಕೆ ದೊಡ್ಡದಲ್ಲ. ಶುಕ್ರವಾರದ ಸ್ವತ್ತಿನ ಲೆಕ್ಕದಲ್ಲಿ ಅದಕ್ಕೆ ಬದಲಿ ಭೂಮಿ ಎಲ್ಲಿದೆ ಎನ್ನುವುದು ಬೇರೆ ಮಾತು.

ಮಂಗಳೂರಿನ ನಂಟು ಪೂರ್ತಿ ಹರಿದಿಲ್ಲ. ಸರಕು ತುಂಬಿದ ಮಂಜಿಗಳು, ಅಂದರೆ ಮರದ ಸರಕು ದೋಣಿಗಳು, ಹಳೆಯ ಬಂದರದಿಂದ ದ್ವೀಪಗಳಿಗೆ ಹೋಗುವುದು ನಿಂತಿಲ್ಲ, ಪ್ರಯಾಣಿಕರ ಹಡಗು ಮಾತ್ರ ವರ್ಷಗಟ್ಟಲೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ದ್ವೀಪದವರನ್ನು ಹೊತ್ತು ಮತ್ತೆ ಆ ಬಂದರಕ್ಕೆ ಬಂತು. ನೀವು ಹೋಗುವುದಾದರೆ ಪರವಾನಗಿ ತೆಗೆದುಕೊಂಡು ಪ್ರವಾಸಿಯಾಗಿ ಹೋಗಿ ಬನ್ನಿ. ಸಾಧ್ಯವಾದರೆ ಅಮಿನಿ ಕಡೆಗೆ ಹೋಗಿ, ನಿಮ್ಮ ಅಜ್ಜನ ಕಾಲದಲ್ಲಿ ಅದು ಮಂಗಳೂರಿನ ಕಲೆಕ್ಟರರಿಗೆ ಸೇರಿದ್ದು.

ಮಗಳಿಗೆ ಇನ್ನೊಂದು ಮಾತು. 2021ರ ಗಣತಿ ನಡೆಯಲೇ ಇಲ್ಲ; ಮುಂದಿನದು 2027ರಲ್ಲಿ. ಅಲ್ಲಿಯವರೆಗೆ ಲಕ್ಷದ್ವೀಪಕ್ಕೆ ಯಾರಾದರೂ ಹೊಸ ಜನಸಂಖ್ಯೆ ಹೇಳಿದರೆ ಅದು ಅಂದಾಜು, ಎಣಿಕೆಯಲ್ಲ. ಆ ಎಣಿಕೆಯಲ್ಲಿ ವಿದ್ಯಾರ್ಥಿನಿಲಯದಲ್ಲಿ ಇರುವವರನ್ನು ಅವರಿರುವ ಊರಿನಲ್ಲಿಯೇ ಎಣಿಸುತ್ತಾರೆ. ಬೆಂಗಳೂರಿನ ಯಾವುದೋ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಕಿಲ್ತಾನಿನ ಹುಡುಗಿಯೊಬ್ಬಳು ಇದ್ದರೆ ಎಣಿಕೆದಾರರು ಅವಳನ್ನು ಕರ್ನಾಟಕದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಕಿಲ್ತಾನಿನ 3,946ರಲ್ಲಿ ಒಂದು ಕಡಿಮೆಯಾಗುತ್ತದೆ. ರಜೆ ಬಂದ ಕೂಡಲೇ ಅವಳು ಕೊಚ್ಚಿಯ ರೈಲು ಹತ್ತುತ್ತಾಳೆ, ಅಲ್ಲಿಂದ ಹಡಗು.